ಖಾಲಿ ಫ್ರಿಜ್ಜಿನ ಬಾಗಿಲು ತೆಗೆದವರೆಲ್ಲ ಉಂಡವರೇ?

ನಗರಾಡಳಿತದ ಹಸಿವು ನಕ್ಷೆ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ಸಾರ್ವಜನಿಕ ಫ್ರಿಜ್ ಖಾಲಿ ಬಿದ್ದಿದೆ. ನಿಮ್ಮ ನಕ್ಷೆಯಲ್ಲಿ ಮಾತ್ರ ನಮ್ಮದು ಇಡೀ ನಗರದಲ್ಲೇ ಅತಿ ಹೆಚ್ಚು ಉಂಡ ಬೀದಿ, ಎಲೆಹಸಿರು ಬಣ್ಣದಲ್ಲಿ ಹೊಳೆಯುತ್ತಿದೆ. ಇವೆರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂದು ಕೇಳಲು ನಿಮ್ಮ ಕಚೇರಿಗೆ ಅಲೆದೆ, ಸಹಾಯವಾಣಿಗೆ ಫೋನ್ ಮಾಡಿ ಮನದಣಿಯೆ ಸಂಗೀತ ಕೇಳಿದೆ. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಹಸಿರು ಬೀದಿಯವರಿಂದ ಹಸಿವಿನ ದೂರು ತೆಗೆದುಕೊಳ್ಳಲು ಕಂಪ್ಯೂಟರಿನಲ್ಲಿ ಜಾಗವೇ ಇಲ್ಲವಂತೆ, ದೂರು ಕೊಡಬೇಕಾದರೆ ಬೀದಿ ಮೊದಲು ಕೆಂಪಾಗಬೇಕಂತೆ. ಸಿಟ್ಟಿಗೆ ನನ್ನ ಮುಖ ಕೆಂಪಾಗಿದೆ, ಸಾಲುವುದೇ ಎಂದೆ. ಸಾಲದು ಎಂದಳು. ಹಾಗಾಗಿ ಊರಿಗೆಲ್ಲ ಕೇಳಿಸುವಂತೆ ಈ ಪತ್ರ.

ನಾನು ಲಾಂಡ್ರಿ ಅಂಗಡಿಯವಳು. ನೀವು ಇಡಿಸಿದ ಫ್ರಿಜ್ ನಿಂತಿರುವುದು ನನ್ನ ಅಂಗಡಿಯ ಮಾಡಿನ ಕೆಳಗೆ, ಇಸ್ತ್ರಿ ಮೇಜಿಗೆ ಎದುರಾಗಿ. ಬೆಳಗಿನಿಂದ ಸಂಜೆವರೆಗೆ ಒಂದೇ ಕಡೆ ನಿಂತು ಬಟ್ಟೆ ತೀಡುವವಳಿಗೆ ನೋಡಲು ಬೇರೆ ಏನಿದೆ ಹೇಳಿ? ಯಾರು ಬಂದರು, ಬಾಗಿಲು ತೆಗೆದರು, ಮುಖ ಹೇಗೆ ಮಾಡಿಕೊಂಡು ಹೋದರು, ಎಲ್ಲ ನನ್ನ ಕಣ್ಣೆದುರೇ ನಡೆಯುತ್ತದೆ. ನಿಮ್ಮ ಇಲಾಖೆಯ ಎಷ್ಟೋ ಜನರ ಕಾಲರುಗಳು ನನ್ನ ಕೈಯಲ್ಲೇ ನೆಟ್ಟಗಾಗುತ್ತವೆ. ಕಾಲರಿನ ಮೇಲಿರುವ ಭಾಗ ನನ್ನ ಕೆಲಸಕ್ಕೆ ಸೇರಿದ್ದಲ್ಲವಾದ್ದರಿಂದ ಇಷ್ಟು ದಿನ ಸುಮ್ಮನಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಕ್ಷೆ ಬೇಡ ಎನ್ನುವವಳು ನಾನಲ್ಲ. ಯಾವ ಬೇಕರಿಯಲ್ಲಿ ಬ್ರೆಡ್ ಉಳಿಯಿತು, ಯಾವ ಆಸ್ಪತ್ರೆ ಕ್ಯಾಂಟೀನಿನಲ್ಲಿ ಅನ್ನ ಉಳಿಯಿತು, ಯಾವ ಬೀದಿಯಲ್ಲಿ ಒಲೆ ಹೊತ್ತಿಲ್ಲ, ಇದನ್ನೆಲ್ಲ ಒಂದೇ ಪಟದ ಮೇಲೆ ತಂದು, ಬೇಕರಿಯವರಿಗೂ ಶಾಲೆಯವರಿಗೂ ದವಾಖಾನೆಯವರಿಗೂ ಕಾಣುವ ಹಾಗೆ ಮಾಡಿದ್ದು ನೀವೇ. ಒಳ್ಳೆಯ ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಿಮ್ಮ ವ್ಯಾನು ಬರುತ್ತಿತ್ತು. ಡ್ರೈವರು ಫ್ರಿಜ್ಜಿನೊಳಗೆ ತಲೆ ಹಾಕಿ ನೋಡುತ್ತಿದ್ದ, ನಿನ್ನೆಯದು ಸಾಲಿತೇ ಎಂದು ನನ್ನನ್ನು ಕೇಳುತ್ತಿದ್ದ, ನಾನು ಹೇಳಿದಷ್ಟನ್ನು ಫೋನಿಗೆ ಹಾಕಿಕೊಂಡು ಹೋಗುತ್ತಿದ್ದ. ಅಲ್ಲಿಯವರೆಗೆ ನಿಮ್ಮ ಮೇಲೆ ನನಗೆ ಗೌರವವೇ ಇತ್ತು.

ಈಗ ನನ್ನ ತಮ್ಮನ ವಿಚಾರ. ಅವನು ಮನೆಗಳಿಗೆ ಬಣ್ಣ ಹೊಡೆಯುವವನು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು, ಎದುರು ಕಟ್ಟಡದ ಎರಡನೇ ಮಹಡಿಯ ಒಂದು ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಕೆಲಸ ಹೋಯಿತು, ಕೂಡಿಟ್ಟದ್ದು ಕರಗಿತು, ಜಂಬ ಮಾತ್ರ ಒಂದು ಚೂರೂ ಕರಗಲಿಲ್ಲ. ಊಟದ ಡಬ್ಬಿ ಕಳಿಸಿದರೆ ಮುಚ್ಚಳ ಕೂಡ ತೆಗೆಯದೆ ವಾಪಸು ಕಳಿಸುತ್ತಾನೆ. ಇಬ್ಬರು ಹೆಣ್ಣುಮಕ್ಕಳನ್ನು ಇಸ್ತ್ರಿ ಪೆಟ್ಟಿಗೆಯ ಮೇಲೆ ಸಾಕುತ್ತಿರುವ ಅಕ್ಕನ ತಟ್ಟೆಗೆ ಕೈಹಾಕುವವನು ತಾನಲ್ಲವಂತೆ. ಬೈದೆ, ಅತ್ತೆ, ಮಾತು ಬಿಟ್ಟೆ, ಒಂದೂ ನಾಟಲಿಲ್ಲ. ಆದರೆ ನಿಮ್ಮ ಫ್ರಿಜ್ಜಿನಿಂದ ತಿನ್ನುತ್ತಿದ್ದ. ಕೋಲೂರಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದ, ಒಂದು ಪೊಟ್ಟಣ ತೆಗೆದುಕೊಳ್ಳುತ್ತಿದ್ದ, ನನ್ನ ಕಡೆ ನೋಡಿ ನಗುತ್ತಿದ್ದ.

"ಇದು ಯಾರದ್ದೂ ಅಲ್ಲ ಅಕ್ಕ. ಇದ್ರಲ್ಲಿ ಯಾರ ಋಣಾನೂ ಇಲ್ಲ."

ಆ ಮಾತು ಕೇಳಿ ನಿಮ್ಮ ಇಲಾಖೆಗೆ ಮನಸ್ಸಿನಲ್ಲೇ ಕೈಮುಗಿದೆ. ನೀನೇ ಅಡುಗೆ ಮಾಡಿ ಅದರೊಳಗಿಟ್ಟರೆ ಆಗದೇ ಎಂದು ಕೇಳಬೇಡಿ. ಫ್ರಿಜ್ ಖಾಲಿಯಾದ ಮೇಲೆ ಅದನ್ನೂ ಮಾಡಿ ನೋಡಿದೆ. ಬೇಕರಿಯ ಕಾಗದದಲ್ಲೇ ಸುತ್ತಿ ಇಟ್ಟಿದ್ದೆ, ಮೊದಲ ತುತ್ತಿಗೇ ಕಳ್ಳತನ ಪತ್ತೆ ಮಾಡಿದ. ಉಪ್ಪಿನ ವಿಷಯದಲ್ಲಿ ನನ್ನ ಕೈ ಕೊಂಚ ಧಾರಾಳ. ಚಿಕ್ಕಂದಿನಿಂದ ನನ್ನ ಅಡುಗೆ ಉಂಡು ನೀರು ಕುಡಿದವನಿಗೆ ಅಷ್ಟೂ ತಿಳಿಯದೇ?

ಹೀಗಿರುವಾಗ ನಿಮಗೆ ಜ್ಞಾನೋದಯವಾಯಿತು. ಡ್ರೈವರು ತಲೆ ಹಾಕಿ ನೋಡುವುದು, ಲಾಂಡ್ರಿಯವಳನ್ನು ಕೇಳುವುದು, ಇದೆಲ್ಲ ಹಳೇ ಪದ್ಧತಿ ಎನ್ನಿಸಿತು. ಒಬ್ಬ ಎಂಜಿನಿಯರ್ ಬಂದು ಫ್ರಿಜ್ಜಿನ ಹಿಡಿಕೆಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ ಕೂರಿಸಿದ. ಇನ್ನು ಮೇಲೆ ಎಲ್ಲ ಲೆಕ್ಕವನ್ನೂ ಇದೇ ಮಾಡುತ್ತದೆ, ಯಾರನ್ನೂ ಏನೂ ಕೇಳಬೇಕಾಗಿಲ್ಲ ಎಂದ. ಅದು ಏನನ್ನು ಎಣಿಸುತ್ತದೆ ಎಂದು ನಾವೂ ಕೇಳಲಿಲ್ಲ. ಸರ್ಕಾರದ ಯಂತ್ರ, ಏನೋ ಒಳ್ಳೆಯದನ್ನೇ ಎಣಿಸುತ್ತಿರಬೇಕು ಅಂದುಕೊಂಡೆವು.

ಕೆಲವು ದಿನ ಕಳೆದ ಮೇಲೆ ವ್ಯಾನು ಕೆಟ್ಟು ನಿಂತಿತು. ಒಂದೆರಡು ದಿನ ಊಟ ಬರಲಿಲ್ಲ. ಊಟ ಬಾರದಿದ್ದರೆ ಜನ ಏನು ಮಾಡುತ್ತಾರೆ? ನೀವು ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ? ಫ್ರಿಜ್ ತೆಗೆದು ನೋಡುತ್ತೀರಿ. ಏನೂ ಇಲ್ಲದಿದ್ದರೆ ಮುಚ್ಚುತ್ತೀರಿ. ಸ್ವಲ್ಪ ಹೊತ್ತು ಬಿಟ್ಟು, ಅಷ್ಟರಲ್ಲಿ ಅದು ತಾನಾಗಿ ಏನಾದರೂ ಹೆತ್ತಿರಬಹುದೆಂಬಂತೆ ಮತ್ತೆ ತೆಗೆಯುತ್ತೀರಿ. ನಮ್ಮ ಬೀದಿಯವರೂ ನಿಮ್ಮಂತೆಯೇ ಮನುಷ್ಯರು. ಶಾಲೆ ಬಿಟ್ಟು ಬಂದ ಮಕ್ಕಳು ತೆಗೆದು ನೋಡಿದರು. ಸಂಗೀತದ ಮೇಷ್ಟ್ರು ಬಂದು, ಖಾಲಿ ಫ್ರಿಜ್ಜಿನ ಮುಂದೆ ಗಲ್ಲಕ್ಕೆ ಬೆರಳಿಟ್ಟು, ಇದನ್ನು ಆರಿಸಲೋ ಅದನ್ನು ಆರಿಸಲೋ ಎನ್ನುವವರ ಹಾಗೆ ನಿಂತು, ಆಮೇಲೆ ಮರ್ಯಾದೆಯಿಂದ ಬಾಗಿಲು ಮುಚ್ಚಿದರು. ನನ್ನ ತಮ್ಮ ಮಧ್ಯಾಹ್ನವೆಲ್ಲ ಇಳಿದು ಬಂದ, ಹತ್ತಿ ಹೋದ, ಮತ್ತೆ ಇಳಿದು ಬಂದ. ಯಾಕೋ ಎಂದರೆ, ಸುಮ್ಮನೆ ಕಾಲಾಡಿಸೋಣ ಅಂತ ಬಂದೆ ಅನ್ನುತ್ತಿದ್ದ. ಸೊಂಟ ಮುರಿದವನು ಕಾಲಾಡಿಸುವುದಕ್ಕೆ ಮೆಟ್ಟಿಲು ಇಳಿಯುತ್ತಾನೆಯೇ? ಬಾಗಿಲಿನ ರಬ್ಬರು ಸಡಿಲವಾಗಿದ್ದರಿಂದ ಗಾಳಿ ಬೀಸಿದಾಗಲೂ ಅದು ತಾನಾಗಿ ತೆಗೆದು ತಾನಾಗಿ ಮುಚ್ಚಿಕೊಂಡಿತು.

ವ್ಯಾನು ರಿಪೇರಿಯಾಯಿತು. ನಮ್ಮ ಬೀದಿಗೆ ಬರಲಿಲ್ಲ. ಸಂಜೆಯದು ನಿಂತಿತು, ಆಮೇಲೆ ಬೆಳಗಿನದೂ ನಿಂತಿತು. ಬಾರದಷ್ಟೂ ಜನ ತೆಗೆದು ನೋಡಿದರು. ತೆಗೆದು ನೋಡಿದಷ್ಟೂ ಅದು ಬರಲಿಲ್ಲ. ಹೀಗೇಕೆ ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ನಿಮ್ಮ ಮಾಹಿತಿ ಹಂಚಿಕೆ ಭರದಿಂದ ಸಾಗಿತ್ತು. ನಮ್ಮ ಬೀದಿ ಹಸಿರಾಗಿದ್ದನ್ನು ಶಾಲೆಯವರು ನೋಡಿ, ಈ ಮಕ್ಕಳು ಮನೆಯಲ್ಲೇ ಚೆನ್ನಾಗಿ ತಿಂದು ಬರುತ್ತಾರೆಂದು ಮಧ್ಯಾಹ್ನ ಎರಡನೇ ಸಲ ಬಡಿಸುವುದನ್ನು ಬಿಟ್ಟರು. ಆರೋಗ್ಯ ಇಲಾಖೆಯವರು ಗಾಬರಿಯಾಗಿ ನಮ್ಮಲ್ಲಿ ಒಂದು ಶಿಬಿರವನ್ನೇ ನಡೆಸಿದರು. ವಿಷಯ ಏನು ಗೊತ್ತೇ? ಅತಿಯಾಗಿ ತಿನ್ನುವುದರ ಅಪಾಯಗಳು. ಹೊಟ್ಟೆ ಚುರುಗುಟ್ಟುತ್ತಿದ್ದವರೆಲ್ಲ ಕುರ್ಚಿ ಹಾಕಿಕೊಂಡು ಕೂತು, ಊಟವನ್ನು ನಿಧಾನವಾಗಿ ಅಗಿಯಬೇಕು, ತಟ್ಟೆಯಲ್ಲಿ ಕೊಂಚ ಬಿಟ್ಟೇಳಬೇಕು ಎಂಬ ಉಪದೇಶ ಕೇಳಿದೆವು. ಏನಾದರೂ ತಿಂಡಿ ಕೊಡಬಹುದೆಂದು ಕಾದೆವು, ಕೊಡಲಿಲ್ಲ. ಕೊಟ್ಟಿದ್ದರೆ ಶಿಬಿರದ ಉದ್ದೇಶಕ್ಕೇ ಧಕ್ಕೆಯಲ್ಲವೇ! ಡಾಕ್ಟರಮ್ಮ ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಪ್ಯಾಂಟಿಗೆ ದಾರ ಕಟ್ಟಿಕೊಂಡಿದ್ದ ನನ್ನ ತಮ್ಮನ ತೂಕವನ್ನು ಆಸ್ಪತ್ರೆಯ ಹಳೇ ಚೀಟಿಯ ಜೊತೆ ಹೋಲಿಸಿ, ಇಷ್ಟು ಬೇಗ ಇಷ್ಟೊಂದು ಇಳಿಸಿದ್ದೀರಲ್ಲ, ಎಲ್ಲರೂ ನಿಮ್ಮನ್ನು ನೋಡಿ ಕಲಿಯಬೇಕು ಎಂದು ಚಪ್ಪಾಳೆ ತಟ್ಟಿಸಿದರು. ನಾನೂ ತಟ್ಟಿದೆ ಸ್ವಾಮಿ. ಎಲ್ಲರೂ ತಟ್ಟುವಾಗ ಕೈ ತಾನಾಗಿ ಏಳುತ್ತದೆ. ಆ ಕೈಯನ್ನು ಇವತ್ತಿಗೂ ಬೈಯುತ್ತಿದ್ದೇನೆ.

ಆಮೇಲೆ ಬಂದದ್ದು ಪ್ರಶಸ್ತಿ. ನಿಮ್ಮ ಕಿರಿಯ ಅಧಿಕಾರಿಯೊಬ್ಬರು 'ಹಸಿವುಮುಕ್ತ ಬೀದಿ' ಎಂಬ ಫಲಕ ಹಿಡಿದು ಬಂದರು. ಒಳ್ಳೆಯ ಹುಡುಗ, ನಗುಮುಖ. ಮೊಳೆ ಹೊಡೆಯಲು ಸುತ್ತಿಗೆಯನ್ನು ನನ್ನಿಂದಲೇ ಈಸಿಕೊಂಡರು. ಫ್ರಿಜ್ಜಿನ ಪಕ್ಕದ ಗೋಡೆಗೆ ಫಲಕ ನೇತುಹಾಕಿ, ಫೋನಿನಲ್ಲಿ ನಮ್ಮ ಬೀದಿಯ ಸಾಧನೆಯನ್ನು ತೋರಿಸಿದರು. ಬಾಗಿಲು ಒಂದು ಸಲ ತೆಗೆದರೆ ಒಂದು ಊಟ ಎಂದು ಲೆಕ್ಕ. ಇದಕ್ಕೆ ತೃಪ್ತಿ ಸೂಚ್ಯಂಕ ಎಂದು ಹೆಸರು. ನಮ್ಮಷ್ಟು ತೃಪ್ತರು ನಗರದಲ್ಲೇ ಯಾರೂ ಇಲ್ಲವಂತೆ, ಅದಕ್ಕೇ ವ್ಯಾನನ್ನು ಹೆಚ್ಚು ಹಸಿದ ಬೀದಿಗಳಿಗೆ ಕಳಿಸುತ್ತಿದ್ದಾರಂತೆ. ಅದರಲ್ಲೂ ಮಧ್ಯಾಹ್ನದ ಹೊತ್ತು, ಬೇರೆಯವರೆಲ್ಲ ಕೆಲಸಕ್ಕೆ ಹೋದಾಗ, ಇಲ್ಲಿ ಊಟದ ಮೇಲೆ ಊಟ ನಡೆದಿದೆ ಎಂದು ಬೆರಳು ಮಾಡಿ ತೋರಿಸಿದರು.

ಮಧ್ಯಾಹ್ನ ಆ ಬಾಗಿಲು ತೆಗೆಯುವವನು ಒಬ್ಬನೇ, ನನ್ನ ತಮ್ಮ. ಗುಂಪಿನ ಹಿಂದೆ ಕೋಲೂರಿ ನಿಂತಿದ್ದ ಅವನು ಮುಂದೆ ಬಂದ.

"ಹಾಗಾದ್ರೆ ನಾನು ತೆಗೆದು ನೋಡ್ದಾಗೆಲ್ಲ ಒಂದೊಂದು ಊಟ ಅಂತ ಬರ್ಕೊಂಡ್ರಾ ಸರ್?"

ನಿಮ್ಮ ಸಹಕಾರದಿಂದಲೇ ಇದೆಲ್ಲ ಸಾಧ್ಯವಾಯಿತು ಎಂದು ಅಧಿಕಾರಿಗಳು ಅವನ ಕೈ ಕುಲುಕಿದರು. ತಮ್ಮ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಹೋದ. ಅವತ್ತಿನಿಂದ ಅವನು ಕೆಳಗೆ ಇಳಿದಿಲ್ಲ.

ಗುಟ್ಟು ತಿಳಿದ ಮೇಲೆ ನಾವು ಸುಮ್ಮನೆ ಕೂರುವವರೇ? ಬಾಗಿಲು ತೆಗೆದರೆ ಹಸಿರು, ತೆಗೆಯದಿದ್ದರೆ ಕೆಂಪು. ಕೆಂಪಾದರೆ ವ್ಯಾನು ಬರುತ್ತದೆ. ಯಾರೂ ಫ್ರಿಜ್ ಮುಟ್ಟಕೂಡದೆಂದು ಬೀದಿಯವರೆಲ್ಲ ಸೇರಿ ತೀರ್ಮಾನಿಸಿದೆವು. ಬಾಗಿಲಿಗೆ ನನ್ನ ಬಟ್ಟೆ ಒಣಹಾಕುವ ಹಗ್ಗ ಸುತ್ತಿದೆ. ಕಾವಲಿಗೆ ನಾನೇ ನಿಂತೆ. ಆಸೆ ಕೆಟ್ಟದ್ದು ನೋಡಿ, ಒಳಗೆ ಏನೂ ಇಲ್ಲವೆಂದು ಗೊತ್ತಿದ್ದೂ ಜನರ ಕೈ ಹಿಡಿಕೆಯ ಕಡೆಗೇ ಹೋಗುತ್ತಿತ್ತು. ಸಂಗೀತದ ಮೇಷ್ಟ್ರಿಗೆ ನಾನು ಇಸ್ತ್ರಿ ಪೆಟ್ಟಿಗೆ ತೋರಿಸಿ ಹೆದರಿಸಬೇಕಾಯಿತು. ಹಾಗೂ ಹೀಗೂ ಗೆದ್ದೆವು. ನಕ್ಷೆಯಲ್ಲಿ ನಮ್ಮ ಬೀದಿ ಹಳದಿಗೆ ತಿರುಗಿತು. ಹಸಿದವರು ತಮ್ಮ ಹಸಿವಿಗೆ ಮಾನ್ಯತೆ ಸಿಕ್ಕಿತೆಂದು ಒಬ್ಬರನ್ನೊಬ್ಬರು ಅಭಿನಂದಿಸಿದ ಬೀದಿ ಬೇರೆಲ್ಲೂ ಇರಲಿಕ್ಕಿಲ್ಲ.

ಆಗ ನಿಮ್ಮ ಕಚೇರಿಯಿಂದ ನನ್ನ ಫೋನಿಗೆ ಸಂದೇಶ ಬಂತು. ಸದರಿ ಫ್ರಿಜ್ಜಿಗೆ ಬೇಡಿಕೆ ಇಲ್ಲದಿರುವುದು ಕಂಡುಬಂದಿರುವುದರಿಂದ ಅದನ್ನು ಬೇರೆ ಬೀದಿಗೆ ಸ್ಥಳಾಂತರಿಸಲಾಗುವುದು, ಸಾರ್ವಜನಿಕರು ಸಹಕರಿಸಬೇಕು.

ಹಗ್ಗ ಬಿಚ್ಚಿ ಎಲ್ಲರನ್ನೂ ಕೂಗಿ ಕರೆದೆ. ಮಾನ್ಯರೇ, ಆ ಸಂಜೆ ನೀವು ಇಲ್ಲಿರಬೇಕಿತ್ತು. ಇಡೀ ಬೀದಿ ಸಾಲುಗಟ್ಟಿ ನಿಂತು ಖಾಲಿ ಫ್ರಿಜ್ಜಿನ ಬಾಗಿಲು ತೆಗೆಯಿತು, ಮುಚ್ಚಿತು. ಒಳಗೆ ಒಣಗಿದ ಅರ್ಧ ನಿಂಬೆಹಣ್ಣು ಬಿಟ್ಟರೆ ಏನೂ ಇರಲಿಲ್ಲ, ಎಲ್ಲರೂ ಆ ನಿಂಬೆಹಣ್ಣಿನ ದರ್ಶನ ಮಾಡಿ ಮುಂದೆ ಸರಿದರು. ಗಡಿಬಿಡಿಯಲ್ಲಿ ಎಣಿಕೆ ತಪ್ಪಬಾರದೆಂದು ಸಂಗೀತದ ಮೇಷ್ಟ್ರು ಪಕ್ಕದಲ್ಲಿ ನಿಂತು ತಾಳ ಹಾಕಿದರು. ಮಕ್ಕಳು ಒಂದು ಸಲ ಮುಗಿಸಿ ಓಡಿಹೋಗಿ ಮತ್ತೆ ಸಾಲಿನ ಕೊನೆಗೆ ಸೇರಿಕೊಂಡರು. ಅಷ್ಟು ಹೊತ್ತಿನಲ್ಲಿ ನಿಮ್ಮ ಲೆಕ್ಕದಲ್ಲಿ ನಾವು ಉಂಡದ್ದನ್ನು ನಿಜವಾಗಿ ಉಂಡಿದ್ದರೆ ಆರೋಗ್ಯ ಇಲಾಖೆಯವರು ಆಂಬುಲೆನ್ಸನ್ನೇ ಕಳಿಸಬೇಕಾಗುತ್ತಿತ್ತು. ಫ್ರಿಜ್ ನಮ್ಮ ಬೀದಿಯಲ್ಲೇ ಉಳಿಯಿತು. ಊಟ ಬರಲಿಲ್ಲ.

ಆ ಸಾಲಿಗೆ ತಮ್ಮನನ್ನೂ ಕರೆಯಲು ನಾನೇ ಮೇಲೆ ಹೋಗಿದ್ದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎಲ್ಲರೂ ಬಂದಿದ್ದಾರೆ, ನೀನೂ ಬಂದು ಒಂದು ಸಲ ಬಾಗಿಲು ತೆಗೆಯೋ ಎಂದೆ.

"ನಾನು ಮುಟ್ಟಲ್ಲ ಅಕ್ಕ," ಅಂದ. "ಆ ಮಕ್ಕಳ ಊಟ ನಿಲ್ಸಿದ್ದು ನಾನೇ. ಒಬ್ಬನೇ ಅಷ್ಟು ಸಲ ನೋಡಬಾರದಿತ್ತು."

ಸಮಾಧಾನ ಹೇಳಿದೆ. ರೇಗಿದೆ. ಯಂತ್ರದ ತಪ್ಪಿಗೆ ನೀನೇಕೋ ಸಾಯುತ್ತೀಯ ಎಂದೆ. ಕೇಳುವವನಲ್ಲ. ಈಗ ನನ್ನ ಡಬ್ಬಿಯನ್ನಂತೂ ಮುಟ್ಟುವುದೇ ಇಲ್ಲ, ಪಕ್ಕದ ಕೋಣೆಯವರು ಬ್ರೆಡ್ಡಿನ ಚೂರು ಕೊಟ್ಟರೆ ಮೊದಲು ಮಕ್ಕಳಿಗೆ ಆಯಿತೇ ಎಂದು ಕೇಳುತ್ತಾನಂತೆ. ಹಸಿದ ಮನುಷ್ಯನೊಬ್ಬ ಆಸೆಯಿಂದ ಬಾಗಿಲು ತೆಗೆದು ನೋಡಿದ್ದನ್ನು ಅವನು ಮಾಡಿದ ಅಪರಾಧವನ್ನಾಗಿ ಮಾಡಿದ್ದೀರಿ. ಬೇರೆ ಯಾವ ಅಂಕಿ ಅಂಶಕ್ಕೂ ನಾನು ನಿಮ್ಮನ್ನು ಇಷ್ಟು ಬೈಯುವುದಿಲ್ಲ, ಇದಕ್ಕೆ ಮಾತ್ರ ಎಷ್ಟು ಬೈದರೂ ನನಗೆ ಸಾಕಾಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಹಿಡಿಕೆಯ ಯಂತ್ರವನ್ನು ಕಿತ್ತುಹಾಕಿ ವ್ಯಾನನ್ನು ಮೊದಲಿನಂತೆ ಕಳಿಸಿ, ಡ್ರೈವರು ತಲೆ ಹಾಕಿ ನೋಡಲಿ, ಬಾಯಿಬಿಟ್ಟು ಕೇಳಲಿ. ಶಾಲೆಯವರ ಜೊತೆ, ದವಾಖಾನೆಯವರ ಜೊತೆ ಮಾಹಿತಿ ಹಂಚಿಕೊಳ್ಳುವುದಾದರೆ, ಒಳಗೆ ಏನಿತ್ತು ಎಂಬುದನ್ನು ಹಂಚಿಕೊಳ್ಳಿ. ಇದನ್ನೆಲ್ಲ ಆದೇಶ ಹೊರಡಿಸಿ ಮಾಡಬಹುದು, ನೀವು ಕುರ್ಚಿಯಿಂದ ಏಳಬೇಕಾಗಿಲ್ಲ.

ಇನ್ನೊಂದಕ್ಕೆ ಮಾತ್ರ ನೀವೇ ಬರಬೇಕು. ಎದುರು ಕಟ್ಟಡ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಹತ್ತಿ ಬಂದು ನನ್ನ ತಮ್ಮನ ಹಾಸಿಗೆಯ ಪಕ್ಕ ಕೂತು, ತಪ್ಪು ನಿನ್ನದಲ್ಲಪ್ಪ, ನಮ್ಮದು ಎಂದು ಹೇಳಿ. ನಾನು ಹೇಳಿದರೆ ಅಕ್ಕ ಸಮಾಧಾನಕ್ಕೆ ಹೇಳುತ್ತಾಳೆ ಅನ್ನುತ್ತಾನೆ. ನೀವು ಹೇಳಿದರೆ ನಂಬುತ್ತಾನೆ. ನಿಮ್ಮ ಲೆಕ್ಕವನ್ನು ಈ ಬೀದಿಯಲ್ಲಿ ನಂಬಿದವನು ಅವನೊಬ್ಬನೇ.

ಇಂತಿ,
ಹಸಿವುಮುಕ್ತ ಬೀದಿಯ ಲಾಂಡ್ರಿಯವಳು,
ನಿಮಗಾಗಿ ಮೆಟ್ಟಿಲು ಗುಡಿಸಿಟ್ಟು ಕಾಯುತ್ತಿರುವ ಒಬ್ಬ ಅಕ್ಕ