ಅಟ್ಟದ ಕೆಳಗಿನ ಆಟ

ಶೆಟ್ಟಿಕೆರೆ, ಸೋಮವಾರ

ಮಗಳು ಜೀವಿತಾಳಿಗೆ ನಿನ್ನಪ್ಪನ ಆಶೀರ್ವಾದ.

ನಿನ್ನ ಮಗಳು ಸಿಂಚನಾಳಿಗೆ ರಜೆ ಬೇಸರವಾಗಿಲ್ಲ. ದಿನಾ ಮಧ್ಯಾಹ್ನ ಕೊಬ್ಬರಿ ಅಟ್ಟದ ಕೆಳಗೆ ಚಾಪೆ ಹಾಸಿ ತಾತ ಮೊಮ್ಮಗಳು ಮಲಗುತ್ತೇವೆ. ಮೇಲೆ ‘ಟಕ್’ ಎಂದರೆ ಒಣಗಲು ಹಾಕಿದ ಕಾಯಿಯೊಂದರ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿತು ಎಂದರ್ಥ. ಮೊದಲು ಕೇಳಿಸಿಕೊಂಡವರು ಗೆದ್ದಂತೆ. ಖರ್ಚಿಲ್ಲದ ಆಟ. ಈ ವರ್ಷ ಎರಡರಷ್ಟು ಕಾಯಿ ತುಂಬಿಸಿದ್ದೇನೆ, ಸದ್ದೂ ಜಾಸ್ತಿ.

“ಕಾಯಲ್ಲ ತಾತ, ಅಟ್ಟದ ತೊಲೆ ಸದ್ದು ಮಾಡ್ತೈತೆ” ಅನ್ನುತ್ತಾಳೆ. ಐವತ್ತು ವರ್ಷ ಕೊಬ್ಬರಿ ಮಾಡಿದವನಿಗೆ ಪಾಠ ಹೇಳುತ್ತಾಳೆ ನೋಡು.

ಅವಳ ತಲೆಗೆಲ್ಲ ಮರದ ಹುಡಿ ಉದುರುತ್ತದೆ, ಎಣ್ಣೆ ಹಚ್ಚಿ ಬಾಚುತ್ತಿದ್ದೇನೆ. ಅಟ್ಟದ ಕೆಳಗಿನ ಆ ಕೋಣೆಯ ಬಾಗಿಲೂ ನಿನ್ನೆಯಿಂದ ಬಿಗಿಯಾಗಿದೆ. ಭಾನುವಾರ ಬರುವಾಗ ಬಡಗಿಯನ್ನು ಕರೆದುಕೊಂಡು ಬಾ, ಸ್ವಲ್ಪ ಹೆರೆಸಿದರೆ ಸಾಕು.

ಇವತ್ತು ಬೆಳಗಿನಿಂದ ಸದ್ದು ನಿಂತೇ ಇಲ್ಲ. ಆಟಕ್ಕೆ ಬರಲ್ಲ ಎಂದು ಹಟ ಹಿಡಿದಿದ್ದಳು. ಬೆಲ್ಲ ಕೊಟ್ಟು ಒಪ್ಪಿಸಿದ್ದೇನೆ. ಚಾಪೆ ಹಾಸಿ ಕಾಯುತ್ತಿದ್ದಾಳೆ, ಹೋಗುತ್ತೇನೆ.

ಇಂತಿ,
ನಿನ್ನಪ್ಪ ಗಂಗಾಧರಯ್ಯ