ಜೈತುನಬಿಯ ಅಂಗಳದಲ್ಲಿ ತಾವು ಕಂಡ ಸಿರಿವಂತಿಕೆ

ಮಾನ್ಯ ಸಮೀಕ್ಷಾಧಿಕಾರಿಗಳೇ,

ನಮ್ಮೂರು ಶ್ರೀಮಂತವಾಗಿದೆ ಎಂದು ತಾವು ಸಾರಿದ ಮೇಲೆ ಜೈತುನಬಿಯ ಬಿಪಿಎಲ್ ಕಾರ್ಡು ರದ್ದಾಗಿದೆ. ಎಪ್ಪತ್ತು ದಾಟಿದ ಆ ಒಂಟಿ ವಿಧವೆಗೆ ಎರಡು ಆಡು ಬಿಟ್ಟರೆ ಬೇರೆ ಆಸ್ತಿಯಿಲ್ಲ. ಬರುತ್ತಿದ್ದ ಅಕ್ಕಿಯೂ ನಿಂತಿತು. ಇದು ಹೇಗಾಯಿತೆಂದು ತಿಳಿದುಕೊಳ್ಳುವ ಅಭ್ಯಾಸ ತಮಗೆ ಇದ್ದಂತೆ ಕಾಣುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಕನ್ನೊಳ್ಳಿಯ ಆಚೆಗಿರುವ ನಮ್ಮೂರಿನ ಅರ್ಧ ಮನೆಗಳವರು ದೀಪಾವಳಿ ಮುಗಿಯುತ್ತಲೇ ಕೀಲಿ ಹಾಕಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಾರೆ, ಯುಗಾದಿಗೆ ಮರಳುತ್ತಾರೆ. ಬಿ.ಎ. ಮುಗಿಸಿದ ನಾನೂ ಅವ್ವನ ಜೊತೆ ಹೋಗುತ್ತೇನೆ. ಇದು ಊರ ನಾಯಿಗೂ ಗೊತ್ತು. ತಮ್ಮ ಸಿಬ್ಬಂದಿ ಬಂದದ್ದು ಮಾತ್ರ ಸಂಕ್ರಾಂತಿಯ ಮರುವಾರ. ಕೀಲಿ ಕಂಡ ಮನೆಗಳವರನ್ನೆಲ್ಲ ಊರು ಬಿಟ್ಟವರೆಂದು ಬರೆದುಕೊಂಡರು. ಉಳಿದವರು ಯಾರು? ಹೊಲಕ್ಕೆ ಕಾಲುವೆ ನೀರು ಬಂದವರು. ಅವರ ಆದಾಯದ ಸರಾಸರಿ ತೆಗೆದು, ಜನಸಂಖ್ಯೆ ಇಳಿದಿದೆ, ಆದಾಯ ಏರಿದೆ ಎಂದಿರಿ. ಬಡವರೆಲ್ಲ ಹೊರಗೆ ಹೋದಾಗ ಎಣಿಸಲು ಬಂದರೆ ಬಡತನ ಎಲ್ಲಿ ಸಿಕ್ಕೀತು, ಸ್ವಾಮಿ? ಇಷ್ಟು ಸಲೀಸಾಗಿ ಬಡತನ ಓಡಿಸುವ ಉಪಾಯ ಈವರೆಗೆ ಯಾರಿಗೂ ಹೊಳೆದಿರಲಿಲ್ಲ. ತಮಗೆ ಶಾಲು ಹೊದಿಸಬೇಕು, ಆದರೆ ಹೊದಿಸುವವರನ್ನು ತಾವೇ ಊರಿನಿಂದ ಅಳಿಸಿಬಿಟ್ಟಿದ್ದೀರಿ.

ಇನ್ನು ಜೈತುನಬಿಯ ಸಂಗತಿ. ನಾವೆಲ್ಲ ಆಯಿ ಎಂದು ಕರೆಯುವ ಈಕೆಯ ಮನೆಯಲ್ಲಿ ಹೊರಡುವವರು ತಮ್ಮ ಬೆಲೆಬಾಳುವ ಸಾಮಾನು ಇಟ್ಟುಹೋಗುತ್ತಾರೆ. ಅಂದು ಅಂಗಳದಲ್ಲಿ ಭೀಮುವಿನ ಬೈಕು, ರೇಣವ್ವನ ಫ್ರಿಜ್ಜು, ಮೂರು ಟಿವಿ, ನನ್ನ ಹೊಲಿಗೆ ಯಂತ್ರ, ಯಾರ್ಯಾರದೋ ಆಡುಗಳ ಹಿಂಡು. ಆಯಿಯೇ ಆಮೇಲೆ ನಮಗೆ ಹೇಳಿದಂತೆ, ತಮ್ಮವರು ಕಣ್ಣರಳಿಸಿ ಕೇಳಿದರು: “ಇವೆಲ್ಲಾ ಯಾರವ್ರಿ?”

“ಎಲ್ಲಾ ನನ್ನವ ಅದಾವ್ರಿ,” ಎಂದಳು ಆಯಿ.

ಹಾಗೆಯೇ ಹೇಳಬೇಕು. ಯಾರ ಸಾಮಾನು ಎಂದು ಪರ ಊರಿನವರಿಗೆ ಹೇಳಿದರೆ ಯಾರ ಮನೆ ಖಾಲಿ ಇದೆಯೆಂದು ಹೇಳಿದಂತೆ. ಕಳ್ಳರಿಗೆ ಅಷ್ಟು ಸಾಕು. ಆಯಿಯ ಅತ್ತೆಯೂ ಹೀಗೇ ಹೇಳುತ್ತಿದ್ದಳಂತೆ. ತಮ್ಮವರು ಕಳ್ಳರಲ್ಲ, ನಿಜ. ಕಳ್ಳರಾಗಿದ್ದರೆ ಮನೆಯೊಳಗೆ ಇಣುಕಿಯಾದರೂ ನೋಡುತ್ತಿದ್ದರು, ಆಯಿ ಹೊದೆಯುವ ಹರಕು ಕೌದಿಯೊಂದು ಕಣ್ಣಿಗೆ ಬೀಳುತ್ತಿತ್ತು.

ಯುಗಾದಿಗೆ ಬಂದು ನಾವು ನಮ್ಮ ನಮ್ಮ ಸಾಮಾನು ಒಯ್ದೆವು. ಕಾರ್ಡು ಹೋದ ಸುದ್ದಿ ಬಂದಾಗ ಆಯಿಯನ್ನು ತಮ್ಮ ಕಚೇರಿಗೆ ಕರೆತಂದವಳು ನಾನೇ. ತಮ್ಮ ಗುಮಾಸ್ತರು ತಲೆಯೆತ್ತದೆ ಕೇಳಿದರು: “ಹಂಗಾರ ಅವತ್ತು ಸುಳ್ಳು ಹೇಳಿದಿ?”

“ಸುಳ್ಳ್ಯಾಕ ಹೇಳ್ಲಿ ಯಪ್ಪಾ? ಇಟಗೊಂಡಾಕಿ ನಾ. ಕಳದ್ರ ತುಂಬಿಕೊಡಾಕಿ ನಾ. ಮತ್ತ ಯಾರವು ಅನ್ಬೇಕ್ರಿ?”

ಅವರು ನಕ್ಕರು. ಆ ನಗೆ ನೆನೆದರೆ ನನಗೆ ಇನ್ನೂ ಉರಿಯುತ್ತದೆ.

ಈಗ ದೀಪಾವಳಿ ಹತ್ತಿರ ಬಂದಿದೆ. ಮೊನ್ನೆ ನಾನೂ ಅವ್ವನೂ ಹೊಲಿಗೆ ಯಂತ್ರ ಹೊತ್ತುಕೊಂಡು ಆಯಿಯ ಮನೆಗೆ ಹೋದೆವು. ಅವಳು ಬಾಗಿಲಲ್ಲೇ ನಿಂತಳು. “ಈ ಸಲ ಬ್ಯಾಡವ್ವ ಸಂಘಮಿತ್ರಾ. ಮತ್ತ ಯಾರರೆ ಬಂದು ಕೇಳಿದ್ರ ಏನ್ ಹೇಳ್ಲಿ?” ನಮ್ಮ ಮುಖ ನೋಡಲೂ ಅವಳಿಗೆ ಆಗಲಿಲ್ಲ. ಯಂತ್ರ ವಾಪಸು ಹೊತ್ತು ತರುವಾಗ ನನಗೆ ಅಳು ತಡೆಯಲಾಗಲಿಲ್ಲ. ಕಳ್ಳರಿಂದಲೂ ಆಗದ ಕೆಲಸವನ್ನು ತಮ್ಮ ಕಚೇರಿ ಮಾಡಿ ಮುಗಿಸಿತು.

ನನ್ನ ಬೇಡಿಕೆ ಇಷ್ಟೇ. ದೀಪಾವಳಿಗೆ ಮೊದಲು ಕಾರ್ಡನ್ನು ತಾವೇ ತಂದು ಆಯಿಯ ಕೈಗೆ ಕೊಡಿ, ತಪ್ಪಾಯಿತು ಎನ್ನಿ. ಆಗದಿದ್ದರೆ ಬೈಕು, ಫ್ರಿಜ್ಜು, ಆಡುಗಳ ಸಮೇತ ಊರಿನ ಕೀಲಿಗಳನ್ನೆಲ್ಲ ತಮ್ಮ ಕಚೇರಿಗೇ ತಂದಿಡುತ್ತೇವೆ. ಯುಗಾದಿಯವರೆಗೆ ಕಾಯಿರಿ. ಯಾರಾದರೂ ಬಂದು ಯಾರವೆಂದು ಕೇಳಿದರೆ, ಎಲ್ಲಾ ನನ್ನವೇ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿ ನೋಡೋಣ.

ಇಂತಿ,
ತಮ್ಮ ಲೆಕ್ಕದಲ್ಲಿ ಊರು ಬಿಟ್ಟಿರುವ, ಊರಲ್ಲೇ ಕುಳಿತು ಇದನ್ನು ಬರೆದ
ಸಂಘಮಿತ್ರಾ