ಅಪ್ಪ ಮಾತಾಡಿದ ಹನ್ನೊಂದು ನಿಮಿಷ

ಗುರುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ಇದನ್ನು ಫೋನಿನಲ್ಲಿ ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರ ಅಪ್ಪನ ಆಪರೇಷನ್ ಆಯಿತು. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ಜೀವಕ್ಕೆ ಅಪಾಯವಿಲ್ಲವಂತೆ. ಕ್ಷೌರದಂಗಡಿಯಲ್ಲಿ ಕತ್ತರಿಗಿಂತ ಬಾಯಿಯೇ ಜೋರು ಎಂದು ಗಿರಾಕಿಗಳಿಂದ ಹೇಳಿಸಿಕೊಂಡ ಮನುಷ್ಯ ಈಗ ತೊಡೆಯ ಮೇಲೆ ನೋಟ್‌ಪುಸ್ತಕ ಇಟ್ಟುಕೊಂಡು ಕೂತಿದ್ದಾರೆ. ನೀರು ಬೇಕಿದ್ದರೂ ಬರೆಯಬೇಕು. ನಿನ್ನೆ ನರ್ಸಿನ ತಲೆ ತೋರಿಸಿ, ಹಿಂದುಗಡೆ ಯಾರು ಕತ್ತರಿಸಿದ್ದು, ಏರುಪೇರಾಗಿದೆ ಎಂದು ಬರೆದರು. ಅವಳು ನಕ್ಕಳು. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಇನ್ನು ಅಪ್ಪನನ್ನೂ ಅಂಗಡಿಯನ್ನೂ ವಿಡಿಯೋ ತೆಗೆದು ಕಳಿಸು ಎಂದು ನೀನು ಕಳಿಸಿದ ಆ ಕ್ಯಾಮೆರಾ. ಅದರ ಮನೆ ಹಾಳಾಗ. ಇರುವುದು ಸೋಪಿನ ಬಿಲ್ಲೆಯಷ್ಟು, ಕೊಡುವ ಕಾಟ ಹೇಳತೀರದು. ಮುಕ್ಕಾಲು ಗಂಟೆಗೆ ಬ್ಯಾಟರಿ ಖಾಲಿ. ಗಾಜಿನ ಮೇಲೆ ಒಂದು ಚೂರು ಪೌಡರ್ ಕೂತರೆ ಗಿರಾಕಿಗಳೆಲ್ಲ ಮಂಜಿನಲ್ಲಿ ನಿಂತಂತೆ ಕಾಣುತ್ತಾರೆ. ಶುರುಮಾಡಲಿಕ್ಕೂ ನಿಲ್ಲಿಸಲಿಕ್ಕೂ ಒಂದೇ ಗುಂಡಿ, ಒತ್ತಿದರೆ ಸದ್ದೂ ಇಲ್ಲ. ಮೊದಲ ವಾರ ಪೂರ್ತಿ ನನ್ನ ಹೆಬ್ಬೆರಳಿನ ಸಿನಿಮಾ ತೆಗೆದೆ. ಫೋನಿನಲ್ಲೇ ತೆಗೆಯೋಣವೆಂದರೆ, ನಾನು ಫೋನ್ ಎತ್ತಿದ ಕೂಡಲೇ ಆ ಕಡೆ ನೀನೇ ಇದ್ದೀಯ ಎಂದುಕೊಂಡು ಅಪ್ಪ ಎದ್ದು ಹೋಗುತ್ತಿದ್ದರು. ಆರು ವರ್ಷದ ಹಿಂದೆ ನೀನು ಎದುರು ಸಾಲಿನಲ್ಲೇ ಸ್ವಂತ ಅಂಗಡಿ ತೆರೆದು, ಅರ್ಧ ಗಿರಾಕಿಗಳನ್ನು ಸೆಳೆದುಕೊಂಡು, ಆಮೇಲೆ ಅದನ್ನೂ ಮುಚ್ಚಿ ಊರು ಬಿಟ್ಟೆಯಲ್ಲ, ಅಂದಿನಿಂದ ನಿನ್ನ ಹೆಸರೆತ್ತಿದರೆ ಸಾಕು, ಅವರು ಪೊರಕೆ ಹಿಡಿದು ನೆಲ ಗುಡಿಸತೊಡಗುತ್ತಿದ್ದರು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಸಂಜೆ ನಾಲ್ಕಕ್ಕೇ ಕೊನೆಯ ಗಿರಾಕಿಯನ್ನು ಕಳಿಸಿ ಬಾಗಿಲು ಅರ್ಧ ಎಳೆದರು. ಗಿರಾಕಿಯ ಕುರ್ಚಿಯಲ್ಲಿ ತಾವೇ ಕೂತು ತಲೆ ಬಾಚಿಕೊಂಡರು. "ತೆಗಿ ಆ ಡಬ್ಬಿ. ದೊಡ್ಡೋಳ ಹತ್ರ ನಾಲ್ಕು ಮಾತಾಡ್ಬೇಕು" ಅಂದರು. ಏಪ್ರನ್ನಿನ ಜೇಬಿನಿಂದ ತೆಗೆದು ಗುಂಡಿ ಒತ್ತಿದೆ. ಕ್ಯಾಮೆರಾ ನೋಡಿ ಮಾತಾಡಲು ಅವರಿಗೆ ಬರಲಿಲ್ಲ, ಅಭ್ಯಾಸ ನೋಡು, ಕನ್ನಡಿ ನೋಡಿಕೊಂಡೇ ಮಾತಾಡಿದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ.

ಆ ಹನ್ನೊಂದು ನಿಮಿಷ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಇಲ್ಲ, ಅಕ್ಕ. ಹೇಗೆ ಹೇಳಲಿ. ಅದಕ್ಕೆ ಮುಂಚೆಯೇ ಜೇಬಿನಲ್ಲಿ ಗುಂಡಿ ಒತ್ತಿಹೋಗಿ ಕ್ಯಾಮೆರಾ ಓಡುತ್ತಿತ್ತು. ನಾನು ಶುರುಮಾಡಲು ಒತ್ತಿದಾಗ ಅದು ನಿಂತಿದೆ. ಮುಗಿಯಿತೆಂದು ಒತ್ತಿದಾಗ ಮತ್ತೆ ಶುರುವಾಗಿದೆ. ನನಗೆ ಇದು ಗೊತ್ತಾದದ್ದು ಸೋಮವಾರ, ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ. ಇರುವುದೆಲ್ಲ ಜೇಬಿನ ಕತ್ತಲೆ. ಅದರೊಳಗೆ ಕತ್ತರಿಯ ಸದ್ದು, ಅವರ ಕೆಮ್ಮು, ಯಾರಿಗೋ "ಕಾಲರ್ ಒಳಗೆ ಮಡಚ್ಕೊಳಿ ಸಾರ್" ಎಂದದ್ದು. ಕೊನೆಗೆ ನನ್ನನ್ನು "ಇಷ್ಟು ಹೇಳಿದ್ರೆ ಸಾಕಾಗುತ್ತೇನೇ ಅವಳಿಗೆ?" ಎಂದು ಕೇಳಿದ್ದಿದೆ. ಅಲ್ಲಿಗೆ ಬ್ಯಾಟರಿ ಮುಗಿದಿದೆ.

ನೆನಪಿದ್ದಷ್ಟು ಬರೆಯುತ್ತೇನೆ. ನೀನು ಅಂಗಡಿ ತೆರೆದ ದಿನ, ನಮ್ಮ ಬಾಗಿಲ ಮರೆಯಲ್ಲಿ ನಿಂತು ನಿನ್ನ ಮೊದಲ ಗಿರಾಕಿಯ ಕ್ಷೌರವನ್ನು ಪೂರ್ತಿ ನೋಡಿದರಂತೆ. ಒಂದಾದರೂ ತಪ್ಪು ಹುಡುಕಬೇಕೆಂದು ನಿಂತಿದ್ದರಂತೆ, ಸಿಗಲಿಲ್ಲವಂತೆ. ಅದಕ್ಕೇ ಅಷ್ಟು ಸಿಟ್ಟು ಬಂದದ್ದಂತೆ. ಮಗಳ ಮೇಲೆ ಹಟ ಸಾಧಿಸಿ ಆರು ವರ್ಷ ಹಾಳುಮಾಡಿಕೊಂಡೆ, ತಪ್ಪು ನನ್ನದೇ ಅಂದರು. "ನನ್ನ ಕೈ ಬಂದಿರೋದು ನಿಂಗೊಬ್ಬಳಿಗೇ ಕಣೇ" ಅಂದರು. ಮಾತು ಹೀಗೇ ಇತ್ತು, ನಾನು ಸೇರಿಸಿಲ್ಲ. ಆದರೆ ಅವರು ಹೇಳುವಾಗ ಅದು ಹೇಗೆ ಕೇಳಿಸಿತು ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ.

ದಿನವೂ ನೋಟ್‌ಪುಸ್ತಕದಲ್ಲಿ 'ನೋಡಿದಳಾ? ಏನಂದಳು?' ಎಂದು ಬರೆದು ನನ್ನ ಕಡೆ ತಿರುಗಿಸುತ್ತಾರೆ. ಅಂಚೆಯಲ್ಲಿದೆ ಎಂದಿದ್ದೇನೆ. ಈ ಸುಳ್ಳು ಇನ್ನು ನಾಲ್ಕು ದಿನ ನಡೆದೀತು. ಕಾರ್ಡನ್ನು ಇದರೊಳಗೇ ಇಟ್ಟಿದ್ದೇನೆ. ಕತ್ತಲೆಯಾದರೇನು, ಧ್ವನಿ ಅವರದೇ. ಆದರೆ ಅವರಿಗೆ ಏನೆಂದು ಉತ್ತರ ಕೊಡುತ್ತೀಯೋ ನೀನೇ ಯೋಚಿಸು.

ನಿನ್ನ
ಚಿಕ್ಕವಳು

ತಾ.ಕ.: ಅಂಟಿಸಿದ ಲಕೋಟೆಯನ್ನು ಒಡೆದು ಬರೆಯುತ್ತಿದ್ದೇನೆ. ಅವರು ಇನ್ನೊಂದು ಮಾತು ಹೇಳಿದ್ದರು. "ಅಂಗಡಿ ನಿಂದೇ, ಬಂದು ನಡೆಸು." ಆರು ವರ್ಷದಿಂದ ಅವರ ಪಕ್ಕದ ಕುರ್ಚಿಯ ಹಿಂದೆ ನಿಂತು ಕತ್ತರಿ ಹಿಡಿದವಳು ನಾನು. ಅದೇ ಕನ್ನಡಿಯಲ್ಲಿ ಅವರ ಹಿಂದೆಯೇ ಕಾಣುತ್ತಿದ್ದೆ. ನನ್ನ ಸುದ್ದಿ ಒಮ್ಮೆಯೂ ಬರಲಿಲ್ಲ. ಹೊಟ್ಟೆ ಉರಿದುಹೋಯಿತು. ಮುಖ ತಗ್ಗಿಸಿ ಕ್ಯಾಮೆರಾ ನೋಡಿದೆ. ಅದರಲ್ಲಿ ಸೆಕೆಂಡುಗಳು ಓಡುತ್ತಿರಲಿಲ್ಲ. ಸೋಮವಾರ ಗೊತ್ತಾಯಿತೆಂದು ಮೇಲೆ ಬರೆದದ್ದು ಸುಳ್ಳು. ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಕೊನೆಗೆ ಒತ್ತಿದ್ದು ಅವರಿಗೆ ತೋರಿಸಲಿಕ್ಕೆ ಮಾತ್ರ. ತಡೀರಿ ಅಪ್ಪಾ, ಮೊದಲಿನಿಂದ ಇನ್ನೊಂದು ಸಲ ಹೇಳಿ ಎನ್ನಬಹುದಿತ್ತು. ಅವತ್ತು ಅವರಿಗೆ ಇನ್ನೂ ಧ್ವನಿ ಇತ್ತು.